ಪಾತ್ರೆ ಒರೆಸೋರು ಬೇಕಲ್ಲ

ಲಿಫ್ಟಣ್ಣನ ಹತ್ತಿರ ತಮಾಷೆ ಮಾಡುವಾಗ ಸ್ವಲ್ಪ ಹುಷಾರಾಗಿರಬೇಕು ಎಂದು ಆ ಕಟ್ಟಡದವರಿಗೆಲ್ಲ ಗೊತ್ತಿತ್ತು. "ಏನಣ್ಣ, ಲಿಫ್ಟು ಯಾಕೋ ಮುನಿಸ್ಕೊಂಡಿದೆ" ಎಂದು ಯಾರಾದರೂ ಸುಮ್ಮನೆ ಅಂದರೂ ಸಾಕು, ಟೂಲ್ ಬ್ಯಾಗು ಹೆಗಲಿಗೇರಿಸಿ ಹೊರಟೇಬಿಡುತ್ತಿದ್ದ. ಮುನಿಸು ಅವನಿಗೆ ಅರ್ಥವಾಗುತ್ತಿರಲಿಲ್ಲ. ಬ್ರೇಕು, ರೋಪು, ಬಾಗಿಲಿನ ಸೆನ್ಸರು ಅರ್ಥವಾಗುತ್ತಿದ್ದವು. ಬದುಕಿಡೀ ಲಿಫ್ಟು ರಿಪೇರಿ ಮಾಡಿ, ಕೊನೆಗೆ ಸ್ವಂತ ಹೆಸರನ್ನೂ ಲಿಫ್ಟಿಗೇ ಬಿಟ್ಟುಕೊಟ್ಟು, ಮದುವೆಯ ಗೋಜಿಗೂ ಹೋಗದೆ ನಿವೃತ್ತನಾಗಿದ್ದ.

ಇಂಥವನ ಮನೆಗೆ ಅಕ್ಕ ಬಂದಳು. ಕಣ್ಣಿನ ಆಪರೇಷನ್ನು, ಆಸ್ಪತ್ರೆ ಇವನ ಬೀದಿಯಲ್ಲೇ. ಇಬ್ಬರ ನಡುವೆ ಮಾತು ನಿಂತು ಎಷ್ಟೋ ವರ್ಷವಾಗಿತ್ತು. ಭಾವ ತೀರಿಕೊಂಡ ದಿನ ಇವನು ಎಲ್ಲ ಮುಗಿದ ಮೇಲೆ, ಕೈಯಲ್ಲಿ ಇನ್ನೂ ಗ್ರೀಸು ಮೆತ್ತಿಕೊಂಡೇ ಹೋಗಿದ್ದ. ಅಷ್ಟೇ. ಅಕ್ಕ ಬಾಗಿಲು ಹಾಕಿಕೊಂಡಳು.

ಅವರನ್ನು ಮತ್ತೆ ಮಾತಿಗೆ ಎಳೆದದ್ದು ಪಾತ್ರೆ ತೊಳೆಯುವ ಮೆಷಿನ್ನು! ನಿವೃತ್ತಿಯ ದಿನ ಜೊತೆಗಾರರು ಸೇರಿ ಕೊಡಿಸಿದ್ದು ಅದು. ತೊಳೆಯುವುದನ್ನು ಚೆನ್ನಾಗಿಯೇ ತೊಳೆಯುತ್ತಿತ್ತು, ಆದರೆ ಒಣಗಿಸುತ್ತಿರಲಿಲ್ಲ. ಹಾಗಾಗಿ ದಿನಾ ಊಟವಾದ ಮೇಲೆ ಇಬ್ಬರೂ ಒಂದೊಂದು ಬಟ್ಟೆ ಹಿಡಿದು ಅದರ ಮುಂದೆ ನಿಲ್ಲಬೇಕಾಯಿತು. ಮೊದಮೊದಲು ಬರೀ ತಟ್ಟೆಗಳ ಸದ್ದು. ಒಂದು ದಿನ ಅಕ್ಕ ಲೋಟವೊಂದನ್ನು ಎತ್ತಿ ಹಿಡಿದಳು.

"ಇದರ ತಳ ನೋಡೋ, ಕೆರೆ ಆಗಿದೆ. ಮೀನು ಬಿಡೋಣ್ವಾ?"

ಅವನಿಗೆ ನಗು ತಡೆಯಲಾಗಲಿಲ್ಲ. ಅಲ್ಲಿಂದ ಶುರುವಾದ ಮಾತು ಅಪ್ಪನ ಗೊರಕೆ, ಅಮ್ಮನ ಬೈಗುಳ ಎಲ್ಲ ಸುತ್ತಿಕೊಂಡು ಒಂದು ಸಂಜೆ ಬರಬೇಕಾದ ಕಡೆಗೇ ಬಂತು.

"ಅವತ್ತು ಯಾಕೋ ಹೊತ್ತಿಗೆ ಸರಿಯಾಗಿ ಬರ್ಲಿಲ್ಲ?"

"ಲಿಫ್ಟಲ್ಲಿ ಒಬ್ರು ಸಿಕ್ಕಾಕೊಂಡಿದ್ರು ಅಕ್ಕ. ಬಿಟ್ಟು ಬರೋಕಾಗುತ್ತಾ?"

"ನಾನೂ ಸಿಕ್ಕಾಕೊಂಡಿದ್ದೆ ಕಣೋ."

ಅವನು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದ. ಮರುದಿನ ಅಕ್ಕನೇ ಅವನ ಕೈಗೆ ಬಟ್ಟೆ ಕೊಟ್ಟಳು.

ಕಣ್ಣು ವಾಸಿಯಾಯಿತು, ಡಾಕ್ಟರು ಊರಿಗೆ ಹೋಗಬಹುದು ಎಂದರು. 'ಇಲ್ಲೇ ಇದ್ಬಿಡು ಅಕ್ಕ' ಎನ್ನಬೇಕು ಎಂದು ಅವನಿಗೆ ಎಷ್ಟು ಆಸೆಯಿತ್ತೆಂದರೆ, ಆ ಮಾತು ಎದೆಯಿಂದ ಹೊರಟು ಗಂಟಲವರೆಗೆ ಬಂದು ಎರಡು ಮಹಡಿಗಳ ನಡುವೆ ನಿಂತ ಲಿಫ್ಟಿನಂತೆ ನಿಂತುಬಿಡುತ್ತಿತ್ತು. ಕೊನೆಗೆ ಅಕ್ಕನೇ ನಗುತ್ತ ಅಂದಳು:

"ನಿನ್ನ ಮೆಷಿನ್ನು ಸರಿಹೋಗೋವರೆಗೂ ಇರ್ತೀನಪ್ಪ. ಪಾತ್ರೆ ಒರೆಸೋರು ಬೇಕಲ್ಲ ನಿಂಗೆ!"

ಬೇರೆ ಯಾರೇ ಆಗಿದ್ದರೂ ಆ ಮೆಷಿನ್ನನ್ನು ಮುಟ್ಟುತ್ತಲೇ ಇರಲಿಲ್ಲ. ಇವನಿಗೆ ಮಾತ್ರ ಅದು ಹಂಗಿಸಿದಂತೆ ಕೇಳಿತು. ಊರಿನ ಲಿಫ್ಟೆಲ್ಲ ಸರಿ ಮಾಡಿದವನ ಅಡುಗೆಮನೆಯಲ್ಲಿ ಕೆಟ್ಟ ಮೆಷಿನ್ನೇ?

"ನಾಳೆನೇ ಸರಿ ಮಾಡ್ತೀನಿ ನೋಡು!"

ಅಕ್ಕನ ನಗು ಅರ್ಧಕ್ಕೇ ನಿಂತಿತು. "ಅಷ್ಟೊಂದು ಅವಸರನಾ?"

"ಮತ್ತೆ? ನಿಂಗ್ಯಾಕೆ ಈ ಚಾಕರಿ?"

ಬೆಳಗಾಗುತ್ತಲೇ ಅಡುಗೆಮನೆಯ ನೆಲದಲ್ಲಿ ಕೂತ. ತಳದ ಜಾಲರಿ ಬಿಚ್ಚಿ ಉಜ್ಜಿದ. ನೀರು ನಿಲ್ಲದಂತೆ ಲೋಟಗಳನ್ನು ಬೋರಲು ಹಾಕಿದ, ಎಂದೂ ಒಣಗದ ಪ್ಲಾಸ್ಟಿಕ್ ಡಬ್ಬಿಗಳನ್ನು ಹೊರಗಿಟ್ಟ, ಬಿಸಿ ಹೆಚ್ಚಿಸಿದ. ಆದರೂ ಒದ್ದೆ. ಕೊನೆಗೆ ಬಾಗಿಲಿನ ಒಳಮೈಯಲ್ಲಿ ಒಂದು ಪುಟ್ಟ ಮುಚ್ಚಳ ಕಂಡಿತು. ತೆಗೆದರೆ ಒಳಗೆ ಬರಿದೋ ಬರಿದು! ನೀರು ಪಾತ್ರೆಗೆ ಅಂಟದೆ ಜಾರಿಹೋಗಲಿ ಎಂದು ಅಲ್ಲಿಗೆ ಹಾಕಬೇಕಾದ ನೀಲಿ ದ್ರವ ಮೆಷಿನ್ನಿನ ಜೊತೆಗೇ ಬಂದಿತ್ತು. ಪುಣ್ಯಾತ್ಮ ಇಷ್ಟು ದಿನ ಅದರಲ್ಲಿ ಕಿಟಕಿ ಗಾಜು ಒರೆಸುತ್ತಿದ್ದ.

ಉಳಿದದ್ದನ್ನು ಸುರಿದು ಮೆಷಿನ್ನು ಓಡಿಸಿದ. ತಟ್ಟೆಗಳು ಗರಿಗರಿಯಾಗಿ ಹೊರಬಂದವು.

"ಅಕ್ಕಾ, ಬಾ ಬಾ! ಬಟ್ಟೆ ಬೇಕೇ ಇಲ್ಲ!"

ಅಕ್ಕ ತಟ್ಟೆಯ ಮೇಲೆ ಬೆರಳಾಡಿಸಿದಳು. "ಹೌದಲ್ವಾ. ಒಂದು ಹನಿನೂ ಇಲ್ಲ." ಒರೆಸುವ ಬಟ್ಟೆಯನ್ನು ಮಡಿಸಿ ಮೊಳೆಗೆ ಹಾಕಿದಳು. ಮರುದಿನ ಬೆಳಿಗ್ಗೆ ಅವಳ ಚೀಲ ಬಾಗಿಲ ಬಳಿಯಿತ್ತು.

"ಸರಿಹೋಯ್ತಲ್ಲ. ಬರ್ತೀನಿ."

ಅವನು ಅದೇ ಚೀಲ ಹೊತ್ತು ಹೋಗಿ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, ಬಾಗಿಲು ಸರಿಯಾಗಿ ಮುಚ್ಚುತ್ತದೆಯೇ ಎಂದೂ ನೋಡಿ ಬಂದ.

ಆಮೇಲೆ ಊಟವಾದರೆ ಮಾಡಲು ಏನೂ ಇರುತ್ತಿರಲಿಲ್ಲ. ತಟ್ಟೆಗಳ ಜೊತೆ ಸಂಜೆಗಳೂ ಒಣಗಿದವು. ಅಕ್ಕ ಅಂದಿದ್ದು ಮೆಷಿನ್ನಿನ ವಿಷಯವೇ ಅಲ್ಲ ಎಂದು ಅವನಿಗೆ ಹೊಳೆಯುವ ಹೊತ್ತಿಗೆ ವಾರಗಳೇ ಕಳೆದಿದ್ದವು. ಹೊಳೆದದ್ದೇ ತಡ, ಸ್ಪಂಜು ಅದ್ದಿ ಅದ್ದಿ ಆ ನೀಲಿ ದ್ರವವನ್ನೆಲ್ಲ ಹೀರಿ ತೆಗೆದ. ಪಾತ್ರೆಗಳು ಮತ್ತೆ ತೊಟ್ಟಿಕ್ಕತೊಡಗಿದವು. ಫೋನು ಮಾಡಿದ.

"ಅಕ್ಕ, ಮೆಷಿನ್ನು ಮತ್ತೆ ಕೆಟ್ಟಿದೆ. ಎಲ್ಲಾ ಒದ್ದೆ."

"ತೊಳೆದಾದ ತಕ್ಷಣ ಬಾಗಿಲು ಒಂಚೂರು ತೆರೆದಿಡು. ಹಬೆ ಹೋಗುತ್ತೆ, ತಾನೇ ಒಣಗುತ್ತೆ."

"ನಿಂಗೆ ಹೇಗೆ ಗೊತ್ತು?"

"ನಮ್ಮನೇಲೂ ಅಂಥದ್ದೇ ಇದೆಯಲ್ಲೋ ದಡ್ಡ."

"ಮತ್ತೆ... ಇಲ್ಲಿದ್ದಾಗ ಹೇಳ್ಲೇ ಇಲ್ಲ?"

ಆ ಕಡೆ ಅಕ್ಕ ನಕ್ಕಿದ್ದಷ್ಟೇ ಕೇಳಿತು. ಗಂಟಲಲ್ಲಿ ನಿಂತಿದ್ದ ಲಿಫ್ಟು ಆಗ ಜಗ್ಗಿಕೊಂಡು ಮೇಲೆ ಬಂತು.

"ಇಲ್ಲೇ ಬಂದಿರು ಅಕ್ಕ."

"ಅವತ್ತು ಅಂದಿದ್ರೆ ಇರ್ತಿದ್ದೆ ಕಣೋ. ಈಗ ಇಲ್ಲಿ ಪಕ್ಕದ್ಮನೆ ಮಗೂನ ನೋಡ್ಕೋತೀನಿ ಅಂತ ಒಪ್ಕೊಂಡ್ಬಿಟ್ಟಿದ್ದೀನಿ. ಅದರ ಅಮ್ಮಂಗೆ ಕೊಟ್ಟ ಮಾತು." ಆಮೇಲೆ ಮೆತ್ತಗೆ, "ಬಾಗಿಲು ತೆರೆದಿಡು, ಮರೀಬೇಡ" ಎಂದಳು.

ಫೋನಿಟ್ಟು ಬಂದು ಮೆಷಿನ್ನನ್ನು ಮತ್ತೊಮ್ಮೆ ಓಡಿಸಿ, ಮುಗಿದ ತಕ್ಷಣ ಅದರ ಬಾಗಿಲನ್ನು ಒಂಚೂರು ತೆರೆದ. ಹಬೆ ಮುಖಕ್ಕೆ ಬಡಿಯಿತು. ಅಕ್ಕ ಹೇಳಿದಂತೆಯೇ ತಟ್ಟೆಗಳು ತಾವಾಗಿ ಒಣಗತೊಡಗಿದ್ದವು. ಅವನು ಮೊಳೆಯಿಂದ ಬಟ್ಟೆ ಎಳೆದುಕೊಂಡು, ಪೂರ್ತಿ ಒಣಗುವ ಮೊದಲೇ ಒಂದು ತಟ್ಟೆ ತೆಗೆದು ಒರೆಸಲು ನಿಂತ.