ಹಳಿಗೆ ಎರೆದ ಎಣ್ಣೆ

ಸೊಸೆ ಹಂಚಿನ ಮೇಲೆ ಕುಸುಬಿ ಎಣ್ಣೆ ಬಿಟ್ಟಳು. ಕಾದ ಕಬ್ಬಿಣಕ್ಕೆ ಆ ಎಣ್ಣೆ ತಾಗಿದಾಗ ಏಳುವ ವಾಸನೆಗೆ ಬೇರೆಯವರಿಗೆ ಹಸಿವಾಗುತ್ತದೆ. ನನಗೆ ಇಷ್ಟು ವರ್ಷ ಸಿಟ್ಟು ಬರುತ್ತಿತ್ತು. ಯಾಕೆಂದು ತಿಳಿಯಬೇಕಾದರೆ ನೀವು ನಮ್ಮೂರ ರೈಲಿನ ಚರಿತ್ರೆ ಕೇಳಬೇಕು. ಗಾಬರಿಯಾಗಬೇಡಿ, ರೈಲೂ ಗಿಡ್ಡ, ಚರಿತ್ರೆಯೂ ಗಿಡ್ಡ. ಮರಾಠಿ ಶಾಲೆಯ ಮೂರನೇ ಇಯತ್ತೆಗೆ ಪಾಟಿ ಕೆಳಗಿಟ್ಟು ಶಾಲೆ ಬಿಟ್ಟು, ಕನ್ನಡ ಅಕ್ಷರವನ್ನು ಮಠದ ಕಟ್ಟೆಯ ಮೇಲೆ ಕಲಿತ ನಾನು ಇದಕ್ಕಿಂತ ಉದ್ದದ್ದು ಬರೆಯಲಾರೆ.

ಮರಾಠಿ ಸೀಮೆಯ ಯೆಣೆಗೂರಿನಿಂದ ಒಳಗೆ ಹೋದರೆ ನಮ್ಮ ಗುಡ್ಡ, ಗುಡ್ಡದಲ್ಲಿ ಕಲ್ಲಿನ ಖಣಿ. ಖಣಿಯ ಮಾಲಕ ಅಲ್ಲಿಂದ ಡಾಂಬರ ರಸ್ತೆಯವರೆಗೆ ಹಳಿ ಹಾಕಿಸಿ, ಗಾಲಿ ಇದ್ದ ಕಬ್ಬಿಣದ ಡಬ್ಬಿಗಳನ್ನು ತಂದ. ಕಲ್ಲು ತುಂಬಿದರೆ ಅವು ಇಳಿಜಾರಿನಲ್ಲಿ ತಾವೇ ಇಳಿಯುತ್ತಿದ್ದವು. ಬರಿದಾದ ಮೇಲೆ ಕೋಣಗಳು ಎಳೆದು ಮೇಲೆ ಒಯ್ಯುತ್ತಿದ್ದವು. ಇಂಜಿನ್ ಇಲ್ಲ, ಸೀಟಿ ಇಲ್ಲ, ಕೂರಲು ಜಾಗವೂ ಇಲ್ಲ. ಆದರೂ ನಮ್ಮೂರವರು ಉಮರ್ಗಾ ಸಂತೆಯಲ್ಲಿ "ನಮ್ಮ ರೈಲು" ಎಂದು ಎದೆ ಉಬ್ಬಿಸುತ್ತಿದ್ದರು. ತಲೆಯ ಮೇಲೆ ಬುತ್ತಿ ಹೊತ್ತು ಗುಡ್ಡ ಹತ್ತುವ ನಾನು ಆ ರೈಲಿಗಿಂತ ಮೊದಲು ಖಣಿ ಮುಟ್ಟುತ್ತಿದ್ದೆ.

ನಮ್ಮದು ಬೀರಪ್ಪನ ಒಕ್ಕಲು, ಕುರಿಯ ಮನೆತನ. ನಮ್ಮ ಮನೆಯವರು, ಅಂದರೆ ನನ್ನ ಗಂಡ, ಕುರಿ ಬಿಟ್ಟು, ಡಬ್ಬಿಯ ಹಿಂದೆ ನಿಂತು ಬ್ರೇಕಿನ ಕಟ್ಟಿಗೆ ಒತ್ತುವ ಕೆಲಸಕ್ಕೆ ಸೇರಿದರು. ಖಾಕಿ ಅಂಗಿ ಸಿಕ್ಕಿತು. ಅದನ್ನು ತೊಟ್ಟು ಹಟ್ಟಿಗೆ ಬಂದರೆ ಕುರಿಗಳು ಬೆದರಿ ಓಡುತ್ತಿದ್ದವು. ಬುದ್ಧಿ ಇದ್ದದ್ದು ಅವಕ್ಕೆ ಮಾತ್ರ.

ಒಂದು ದಸರೆಗೆ ಮಠದ ಅಯ್ಯನವರು ಡಬ್ಬಿಯ ಪೂಜೆಗೆ ಬಂದರು. ವಿಭೂತಿ ಬಳಿದರು, ಹೂವು ಏರಿಸಿದರು. ಅಲ್ಲಿಗೇ ನಿಲ್ಲಿಸಬಹುದಿತ್ತು.

"ಗಾಲಿಗಿ ಆಸರಾ ಹಳಿ. ಹಳೀನೂ ದೇವರೇ," ಎಂದವರೇ, ದೇವರಿಗೆ ಎರೆಯುವ ಹಾಗೆ ಗುಡ್ಡದಿಂದ ರಸ್ತೆಯವರೆಗೆ ಹಳಿಗೆ ಕುಸುಬಿ ಎಣ್ಣೆ ಎರೆಯುತ್ತ ಇಳಿದರು. ಪುಣ್ಯ ತಪ್ಪೀತೆಂದು ಮನೆಮನೆಯಿಂದ ಎಣ್ಣೆ ತಂಬಿಗೆ ಬಂದವು. ಆಮೇಲೆ ತುಂಬಿದ ಡಬ್ಬಿ ಬಿಟ್ಟರು. ನಮ್ಮ ಮನೆಯವರು ಕಟ್ಟಿಗೆ ಒತ್ತಿದರು. ಗಾಲಿ ನಿಂತಿತು, ಡಬ್ಬಿ ನಿಲ್ಲಲಿಲ್ಲ. ಜಾರುತ್ತ ಹೋಗಿ, ರಸ್ತೆ ಬದಿಯ ಊಟದ ಪೆಂಡಾಲಿಗೆ ನುಗ್ಗಿ, ಹುಗ್ಗಿಯ ಹಂಡೆ ಕೆಡವಿ, ಮಾಲಕನ ಜೀಪಿಗೆ ಗುದ್ದಿತು. ಯಾರೂ ಸಾಯಲಿಲ್ಲ. ಹುಗ್ಗಿ ಹೋಯಿತು, ಜೀಪು ಹೋಯಿತು, ಇವರ ಕೆಲಸ ಹೋಯಿತು.

ಯಾಕೆ ಜಾರಿತೆಂದು ಎಲ್ಲರಿಗೂ ಗೊತ್ತು. ಆದರೆ ಎಣ್ಣೆ ದೇವರದು, ಎರೆದ ಕೈ ಅಯ್ಯನವರದು. ತಪ್ಪು ಎಲ್ಲಿಯಾದರೂ ಕೂರಬೇಕಲ್ಲ, ಖಾಕಿ ಅಂಗಿಯ ಮೇಲೆ ಕೂತಿತು. ಅಂದು "ಬ್ರೇಕಿಲ್ಲದಂವಾ" ಆದವರು ಈಗ ಅಜ್ಜನಾದ ಮೇಲೆ "ಬ್ರೇಕಿಲ್ಲದ ಮುತ್ಯಾ" ಆಗಿದ್ದಾರೆ. ಬಾಯಿ ಬಿಡಿ ಎಂದು ನಾನು ಹೇಳಿದಾಗಲೆಲ್ಲ ಇವರದು ಒಂದೇ ಉತ್ತರ: "ದೇವರ ಎಣ್ಣಿಗಿ ಹೆಂಗ ಬೈಲಿ? ಬಿಡು." ಮುಂದೆ ಲಾರಿ ಬಂದವು, ರೈಲು ನಿಂತಿತು. ನಮ್ಮ ರೈಲು ಎಂದವರೇ ಹಳಿ ಕಿತ್ತು ಮನೆಗೆ ತೊಲೆ ಮಾಡಿಕೊಂಡರು.

ಮೊನ್ನೆ ನಮ್ಮ ಸರಪಂಚನಿಗೆ ಚರಿತ್ರೆಯ ಹುಚ್ಚು ಹತ್ತಿತು. ಉಳಿದಿದ್ದ ಒಂದು ಡಬ್ಬಿಗೆ ಬಣ್ಣ ಹೊಡೆಸಿ, ಎರಡು ತುಂಡು ಹಳಿಯ ಮೇಲೆ ಊರಬಾಗಿಲಿನ ಅಗಸಿಯ ಮುಂದೆ, ಬಸ್ಸು ನಿಲ್ಲುವಲ್ಲಿ, ನಿಲ್ಲಿಸಿದ. ಊರನ್ನೆಲ್ಲ ಕೂಡಿಸಿ, ಹಿಂದಿನ ಗೋಡೆಗೆ ಬರೆಸುವುದನ್ನು ಮೈಕಿನಲ್ಲಿ ಓದಿದ. ಅದರಲ್ಲಿ, ಬ್ರೇಕ್ ಹಿಡಿದವನ ಹಲಗರ್ಜಿಯಿಂದ, ಅಂದರೆ ನಿರ್ಲಕ್ಷ್ಯದಿಂದ, ಅಪಘಾತವಾಯಿತು ಎಂದೂ ಇತ್ತು. ಹಿಂದಿನ ಸಾಲಿನಲ್ಲಿ ಇವರು ಟೋಪಿ ಸರಿಮಾಡಿಕೊಂಡರು. ಊರವರ ಬಾಯಿಮಾತನ್ನು ನಾನು ತಡೆದುಕೊಂಡಿದ್ದೆ. ಗೋಡೆಯ ಮೇಲಿದ್ದರೆ ನಮ್ಮ ಮೊಮ್ಮಕ್ಕಳು ಬಸ್ಸಿಗೆ ಕಾಯುತ್ತ ದಿನಾ ಅದನ್ನೇ ಓದಬೇಕು.

ಅಷ್ಟರಲ್ಲಿ ಆ ಅಯ್ಯನವರ ಮೊಮ್ಮಗ, ಅಂದರೆ ಈಗಿನ ಅಯ್ಯನವರು, ಕುಸುಬಿ ಎಣ್ಣೆಯ ತಂಬಿಗೆ ಹಿಡಿದು ಮುಂದೆ ಬಂದರು. ನಾನು ಅಡ್ಡ ನಿಂತೆ.

"ಅಯ್ಯನವರ, ಎಣ್ಣಿ ಎಲ್ಲಿ ಎರೀತೀರಿ?"

"ಹಳಿಗಿ, ಆಯಿ. ನಮ್ಮ ಮುತ್ಯಾರ ಪದ್ಧತಿ ಅದ."

"ಹಂಗಾರ ಮೈಕಿನಾಗ ಹೇಳ್ರಿ. ಎಲ್ಲರೂ ಕೇಳಲಿ."

ಅವರು ಅಭಿಮಾನದಿಂದಲೇ ಹೇಳಿದರು: "ನಮ್ಮ ಮುತ್ಯಾ ಗುಡ್ಡದಿಂದ ರಸ್ತಾತನಾ ಹಳಿಗಿ ಎಣ್ಣಿ ಎರೆದಿದ್ರು."

ಮುದುಕಿಯರು ನಗು ತಡೆಯಲು ಸೆರಗು ಬಾಯಿಗಿಟ್ಟರು. ನಾನು ಸರಪಂಚನ ಕಡೆ ತಿರುಗಿದೆ. "ಕೇಳಿದೇನಪಾ? ಆ ಎಣ್ಣಿ ಮ್ಯಾಲ ನಿನ್ನ ಫಟಫಟಿ ಗಾಡಿ ಬ್ರೇಕ್ ಹಾಕಿ ನಿಲ್ಲಿಸಿ ತೋರ್ಸು. ಆಮ್ಯಾಲ ಗ್ವಾಡಿಗಿ ಬರಸು."

ಅಂವ ಮೈಕ್ ಮುಚ್ಚಿದ. "ಝಾಲ ಆಯಿ, ಆತು, ಕುಂದ್ರು. ಆ ಮಾತು ತಗೀತೀನಿ."

ಇವರು ಎದ್ದು ಬಂದು ಡಬ್ಬಿಯ ಪಕ್ಕ ಫೋಟೋಕ್ಕೆ ನಿಂತರು. ಇವರ ಬಾಯಿಯ ಬ್ರೇಕು ಮಾತ್ರ ಎಂದೂ ಜಾರಿಲ್ಲ.

ಎರೆಯಗೊಡದ ಆ ತಂಬಿಗೆಯನ್ನು ಅಯ್ಯನವರ ಕೈಯಿಂದ ಇಸಿದುಕೊಂಡು ನಾನು ಮನೆಗೆ ತಂದೆ. ಈಗ ಹಂಚಿನ ಮೇಲಿರುವುದು ಅದೇ ಎಣ್ಣೆ. ಇವರು ಧಪಾಟಿ ರೊಟ್ಟಿ ಮುರಿಯುತ್ತ, "ಇನ್ನೊಂದು ಹಾಕು," ಎಂದರು. ಸೊಸೆ ಹಾಕಿದಳು. ವಾಸನೆ ಎದ್ದಿತು. ನಾನೂ ನನ್ನ ತಾಟು ಮುಂದೆ ಎಳೆದುಕೊಂಡೆ.