ಹೊಳೆಗೆ ಬಿದ್ದರೆ ಔಟ್

ಹನುಮೇಶ ಜುಲೈ ಹತ್ತೊಂಬತ್ತರಂದು ಬೆಳಿಗ್ಗೆ ಮಣಿಪಾಲದ ಆಸ್ಪತ್ರೆಯಲ್ಲಿ ತೀರಿಕೊಂಡ. ಇಲಿಜ್ವರ. ಮೂವತ್ತೆಂಟು ವರ್ಷ. ಹೆಂಡತಿ ಹುಲಿಗೆವ್ವ, ಎಂಟನೆಯ ತರಗತಿಯಲ್ಲಿ ಓದುವ ಮಗಳು ಮಹಾಲಕ್ಷ್ಮಿ ಇದ್ದಾರೆ. ದೇಹವನ್ನು ಅಂದೇ ಮಧ್ಯಾಹ್ನ ಆಂಬುಲೆನ್ಸಿನಲ್ಲಿ ಕುಷ್ಟಗಿ ಕಡೆಯ ಅವನ ಹಳ್ಳಿಗೆ ಕೊಂಡುಹೋದರು.

ಮೂರನೆಯ ದಿನ ಇಲ್ಲಿ, ಉಡುಪಿ ಹತ್ತಿರದ ಕೆಮ್ಮಣ್ಣಿನಲ್ಲಿ, ಬಸ್ಸು ನಿಲ್ಲುವ ಜಾಗದ ಎದುರು ಒಂದು ಫ್ಲೆಕ್ಸ್ ಬಂತು. ಬ್ಯಾಟು ಎತ್ತಿ ನಿಂತ ಹನುಮೇಶ. ‘ನಮ್ಮೂರಿನ ಹೆಮ್ಮೆಯ ಆಟಗಾರನಿಗೆ ಭಾವಪೂರ್ಣ ಶ್ರದ್ಧಾಂಜಲಿ’ ಎಂದು ದೊಡ್ಡ ಅಕ್ಷರ. ಕೆಳಗೆ ತಂಡದ ಹದಿನೈದು ಹುಡುಗರ ಮುಖಗಳು, ಸಾಲಾಗಿ, ಚುನಾವಣೆಗೆ ನಿಂತವರ ಹಾಗೆ. ಮಳೆ ಹೊಯ್ಯುತ್ತಿತ್ತು. ಕೊಡೆ ಹಿಡಿದು ನಿಂತು ಓದಿದೆ. ‘ನಮ್ಮೂರಿನ’ ಎಂಬ ಮಾತನ್ನು ಅವನು ಹದಿನಾರು ವರ್ಷ ಕಾದ. ಸತ್ತ ಮೂರೇ ದಿನಕ್ಕೆ ಅದು ಪ್ರಿಂಟಾಗಿ ಬಂತು. ಇದನ್ನು ಬರೆಯುತ್ತಿರುವುದು ಅದಕ್ಕೆ. ಆ ಹದಿನಾರು ವರ್ಷದಲ್ಲಿ ನನ್ನ ಪಾಲೂ ಇದೆ, ಅದನ್ನು ಬಿಟ್ಟು ಬರೆಯುವುದಿಲ್ಲ.

ಅವನು ನಮ್ಮಲ್ಲಿಗೆ ಬಂದದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ದನಗಳನ್ನು ಕೊಟ್ಟ ಮೇಲೆ ನನ್ನ ಅಣ್ಣ ಅನಂತಪದ್ಮನಾಭ ಖಾಲಿಯಾದ ದನದ ಹಟ್ಟಿಗೆ ಅಡ್ಡಗೋಡೆ ಹಾಕಿಸಿ ಮೂರು ಕೋಣೆ ಮಾಡಿ ಬಾಡಿಗೆಗೆ ಬಿಟ್ಟಿದ್ದ. ಬರುತ್ತಿದ್ದವರೆಲ್ಲ ಉತ್ತರ ಕರ್ನಾಟಕದ ಕೂಲಿಯವರು. ಅವರು ಕೊಪ್ಪಳದವರೋ ಬಾಗಲಕೋಟೆಯವರೋ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಎಲ್ಲರೂ ಘಟ್ಟದವರು. ಹನುಮೇಶ ಗಾರೆ ಕೆಲಸದವನು. ಗೋಡೆಗೆ ಸಾರಣೆ ಮಾಡುವಾಗ ಕರಣೆಯ ತುದಿಯಿಂದ ಗಾರೆಯನ್ನು ಎಸೆಯುತ್ತಿದ್ದ ರೀತಿ ನೋಡಬೇಕಿತ್ತು; ತೋಳು ಅಲುಗುತ್ತಲೇ ಇರಲಿಲ್ಲ, ಎಲ್ಲ ಮಣಿಕಟ್ಟಿನಲ್ಲಿ. ಹತ್ತನೆಯ ತರಗತಿಯವರೆಗೆ ಓದಿದ್ದ. ನಾನು ಮಣಿಪಾಲದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಸಂಜೆ ನಾನು ಮನೆಗೆ ಬಂದ ಮೇಲೆ ಅವನು ಆ ದಿನದ ಪೇಪರಿನ ಆಟದ ಪುಟ ಕೇಳಿಕೊಂಡು ಬರುತ್ತಿದ್ದ. ಹಾಗೆ ಶುರುವಾದದ್ದು ನಮ್ಮ ಸ್ನೇಹ. ನಾನು ಜಗಲಿಯಲ್ಲಿ, ಅವನು ಅಂಗಳದ ಒಗೆಯುವ ಕಲ್ಲಿನ ಮೇಲೆ. ಹದಿನಾರು ವರ್ಷವೂ ಹಾಗೇ ಕೂತೆವು. ಮೇಲೆ ಬಾ ಎಂದು ನಾನು ಒಮ್ಮೆಯೂ ಕರೆಯಲಿಲ್ಲ.

ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಹೊಳೆಬದಿಯ ಮೈದಾನ. ಮೂರು ಕಡೆ ತೆಂಗಿನ ತೋಟ, ನಾಲ್ಕನೆಯ ಕಡೆ ಸ್ವರ್ಣಾ ಹೊಳೆ. ಪಿಚ್ಚಿನಿಂದ ನೀರಿಗೆ ಎಪ್ಪತ್ತು ಹೆಜ್ಜೆ ಇದ್ದೀತು. ಸಮುದ್ರದ ಭರತದ ಹೊತ್ತಿಗೆ ನೀರು ದಡದ ಕಲ್ಲಿನವರೆಗೆ ಬರುತ್ತದೆ, ಇಳಿತದಲ್ಲಿ ತೊಡೆಯುದ್ದದ ಕೆಸರು. ಹೊಳೆಗೆ ಹೋದ ಚೆಂಡು ಸಮುದ್ರದ ದಾರಿ ಹಿಡಿಯುತ್ತದೆ. ಅದಕ್ಕೇ ಅಲ್ಲಿ ತಲೆಮಾರುಗಳಿಂದ ಒಂದು ರೂಲು: ಹೊಳೆಗೆ ಬಿದ್ದರೆ ಔಟ್. ಮತ್ತೆ, ಹೊಡೆದವನೇ ಹೋಗಿ ತರಬೇಕು.

ಇದು ಗೊತ್ತಿಲ್ಲದೆ ಹನುಮೇಶ ಮೊದಲ ದಿನವೇ ಎರಡನೆಯ ಚೆಂಡನ್ನು ಹೊಳೆಯ ನಡುವಿಗೆ ಹೊಡೆದು, ಬ್ಯಾಟು ಊರಿ, ಚಪ್ಪಾಳೆಗೆ ಕಾದು ನಿಂತ. ತಂಡದ ನಾಯಕ ಮೌರಿಸ್ ಓಡಿಬಂದು ಬ್ಯಾಟು ಕಿತ್ತುಕೊಂಡ.

“ಔಟ್, ಔಟ್! ಆಚೆ ಹೋಗು.”

“ಯಾಕ್ರೀ? ಸಿಕ್ಸ್ ಅಲ್ಲೇನ್ರಿ ಅದು?”

“ಹೊಳೆಗೆ ಬಿದ್ರೆ ಔಟ್ ಮಾರಾಯ. ಹೋಗಿ ಬಾಲ್ ತಾ. ಈಜು.”

“ಈಜಾಕ ಬರಂಗಿಲ್ರಿ. ನಮ್ಮ ಕಡೆ ನೀರು ಕೊಡದಾಗಷ್ಟ ಇರತೈತಿ.”

“ಹಾಗಾದ್ರೆ ಸಣ್ಣದು ಹೊಡಿ.”

“ಎಂಥಾ ಊರ್ರಿ ನಿಮ್ದು! ಜೋರ್ ಹೊಡದಾವ ಔಟ್, ಮೆತ್ತಗ ಹೊಡದಾವ ನಾಟೌಟ್!”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ದಿನ ಅವನು ಇಳಿತದವರೆಗೆ ಕಾದು, ಕೆಸರಿನಲ್ಲಿ ಇಳಿದು, ಕಾಲಿಗೆ ಚಿಪ್ಪು ಕುಯ್ದುಕೊಂಡು ಒಂದು ಚೆಂಡು ತಂದ. ಅದು ಅವನು ಹೊಡೆದದ್ದಲ್ಲ, ಯಾವುದೋ ಹಳೆಯದು. ಒಂದು ವರ್ಷದೊಳಗೆ ಈಜು ಕಲಿತ.

ಟೂರ್ನಮೆಂಟುಗಳಲ್ಲಿ ರೂಲು ತಿರುಗುಮುರುಗು. ಚೆಂಡು ನೆಲಕ್ಕೆ ತಾಗದೆ ನೇರ ನೀರಿಗೆ ಬಿದ್ದರೆ ಎಂಟು ರನ್. ಹೆಕ್ಕುವುದಕ್ಕೆ ಒಂದು ಸಣ್ಣ ದೋಣಿ. ಜನ ಸೇರುವುದೇ ಆ ಎಂಟನ್ನು ನೋಡಲು. ಹನುಮೇಶ ಅಂಥ ಆಟಕ್ಕೆಂದೇ ಹುಟ್ಟಿದವನು. ಆದರೆ ನಮ್ಮ ಹೊಳೆಬದಿಯಲ್ಲಿ ಫೆಬ್ರವರಿಯಲ್ಲಿ ನಡೆಯುವ ಟೂರ್ನಮೆಂಟು ಗ್ರಾಮ ಸೀಮಿತ. ಒಂದೊಂದು ಊರಿನ ತಂಡದಲ್ಲಿ ಆ ಊರಿನವರೇ ಆಡಬೇಕು. ಪೆಂಡಾಲಿನ ಮೇಜಿನ ಹತ್ತಿರ ಆಧಾರ್ ಕಾರ್ಡು ತೋರಿಸಬೇಕು. ಅವನ ಕಾರ್ಡಿನಲ್ಲಿ ಕುಷ್ಟಗಿ ತಾಲೂಕು.

ಉದ್ಯಾವರ, ಕಾಪು, ಹಿರಿಯಡ್ಕ, ಕಾರ್ಕಳ, ಎಲ್ಲೆಲ್ಲಿ ಯಾರು ಬೇಕಾದರೂ ಆಡಬಹುದಾದ ಪಂದ್ಯಗಳಿದ್ದವೋ ಅಲ್ಲೆಲ್ಲ ಮೌರಿಸ್ ಅವನನ್ನು ತನ್ನ ಬೈಕಿನಲ್ಲೇ ಕೂರಿಸಿಕೊಂಡು ಹೋಗುತ್ತಿದ್ದ. ಅವನು ಹೊಡೆದ, ಅವರು ಗೆದ್ದರು. ಆ ಕಪ್ಪುಗಳೆಲ್ಲ ಮೌರಿಸನ ಮನೆಯ ಶೋಕೇಸಿನಲ್ಲಿವೆ. ಫೆಬ್ರವರಿ ಬಂತೆಂದರೆ ಅದೇ ಹನುಮೇಶನಿಗೆ ದೋಣಿ. ಎಪ್ಪತ್ತು ಹೆಜ್ಜೆ ಹೊಡೆಯಲು ಏದುಸಿರು ಬಿಡುವವರ ಚೆಂಡುಗಳನ್ನು ಅವನು ಸಿಗಡಿಯ ಬಲೆಯಲ್ಲಿ ಎತ್ತಿ ದಡಕ್ಕೆ ಎಸೆಯುತ್ತಿದ್ದ. ಎಂಟು ವರ್ಷ ಹಾಗೆ ಎಸೆದ.

ಅವನಿಗೆ ಬೇಕಾಗಿದ್ದುದು ಒಂದೇ. ನಮ್ಮ ಹೊಳೆಬದಿಯಲ್ಲಿ ಫೆಬ್ರವರಿಯಲ್ಲಿ ಒಮ್ಮೆ ಕೆಮ್ಮಣ್ಣಿನವನಾಗಿ ಆಡಬೇಕು, ಹೆಂಡತಿ ಮಗಳು ದಡದಲ್ಲಿ ಕೂತು ನೋಡಬೇಕು. ಅದಕ್ಕೆ ಕಾರ್ಡಿನ ವಿಳಾಸ ಬದಲಾಗಬೇಕು, ಅದಕ್ಕೆ ಮನೆಯ ಯಜಮಾನರಿಂದ ಒಂದು ಕಾಗದ. ಮನೆ ಅಣ್ಣನ ಮತ್ತು ನನ್ನ ಹೆಸರಿನಲ್ಲಿದೆ. ಇಬ್ಬರಲ್ಲಿ ಒಬ್ಬರ ಸಹಿ ಸಾಕಿತ್ತು.

ನಾಲ್ಕು ವರ್ಷದ ಹಿಂದೆ ಅವನು ನನ್ನನ್ನು ಕೇಳಿದ. ನಾನು ಅಣ್ಣನನ್ನು ಕೇಳಿದೆ.

“ಬಾಡಿಗೆಯವನಿಗೆ ಕಾಗದವಾ?” ಎಂದ ಅಣ್ಣ. “ಅಜ್ಜ ಗೇಣಿ ಚೀಟಿ ಬರೆದು ಕೊಟ್ಟರು. ಭೂಸುಧಾರಣೆ ಬಂದಾಗ ಒಕ್ಕಲಿನವರು ಅದನ್ನು ಹಿಡ್ಕೊಂಡು ಹೋಗಿ ಡಿಕ್ಲರೇಶನ್ ಹಾಕಿದ್ರು. ಬೈಲಿನ ಗದ್ದೆ ಪೂರ್ತಿ ಹೋಯ್ತು. ಈಗ ಉಳಿದದ್ದು ಹಟ್ಟಿ. ಅದನ್ನೂ ಬರೆದು ಕೊಡ್ಬೇಕಾ ನಿಂಗೆ?”

“ಇದು ಬರೀ ವಿಳಾಸಕ್ಕೆ ಅಣ್ಣ.”

“ಅವತ್ತೂ ಬರೀ ಚೀಟಿ ಅಂತಲೇ ಹೇಳಿದ್ದು.”

ಉಳುವವನಿಗೆ ಭೂಮಿ ಹೋದದ್ದು ನ್ಯಾಯ ಎಂದು ನಾನು ಓದಿದವನು, ನಾಲ್ಕು ಜನರ ಎದುರು ಹೇಳಿದವನು. ಆದರೆ ಹನುಮೇಶನಿಗೆ, “ಅಣ್ಣನ ಹತ್ರ ಮಾತಾಡಿದ್ದೇನೆ, ನೋಡುವ” ಎಂದೆ. ಮರುವರ್ಷವೂ “ನೋಡುವ” ಎಂದೆ. ಸಹಿ ಮಾಡಲು ಅಣ್ಣನ ಅಪ್ಪಣೆ ಬೇಕಿರಲಿಲ್ಲ. ಗದ್ದೆ ಹೋದ ಮನೆಯಲ್ಲಿ ಹುಟ್ಟಿದ ಹೆದರಿಕೆ ನನ್ನಲ್ಲೂ ಇತ್ತು, ಅದಕ್ಕೆ ಅಣ್ಣನ ಹೆಸರು ಕೊಟ್ಟೆ, ಅಷ್ಟೆ. ಅವನು ಪ್ರತಿ ಸಲವೂ, “ಆತ್ರಿ ಸರ, ಅವಸರ ಇಲ್ಲ” ಎನ್ನುತ್ತಿದ್ದ.

ಈ ಫೆಬ್ರವರಿಯಲ್ಲಿ ಮೌರಿಸ್ ಒಂದು ಉಪಾಯ ತಂದ. ಅವನ ತಮ್ಮ ರೋನಿ ಕುವೈತಿನಲ್ಲಿದ್ದಾನೆ, ಕಾರ್ಡು ಮನೆಯಲ್ಲಿದೆ. ಹೆಚ್ಚು ಕಡಿಮೆ ಒಂದೇ ವಯಸ್ಸು, ಒಂದೇ ಎತ್ತರ.

“ಗಡ್ಡ ಬಿಡು, ಟೊಪ್ಪಿ ಹಾಕು, ಮೇಜಿನ ಹತ್ರ ಬಾಯಿ ತೆರೀಬೇಡ. ತೆರೆದ್ರೆ ನಿನ್ನ ಘಟ್ಟದ ಕನ್ನಡ ಹೊರಗೆ ಬೀಳ್ತದೆ” ಎಂದನಂತೆ.

ಹನುಮೇಶ ಒಗೆಯುವ ಕಲ್ಲಿನ ಮೇಲೆ ಕೂತು ನನ್ನನ್ನು ಕೇಳಿದ: “ತಪ್ಪೇನ್ರಿ ಸರ?”

“ಆಟ ಅಲ್ವಾ, ಆಡು” ಎಂದೆ. ಅವನ ಹೆಸರಿನಲ್ಲೇ ಆಡುವಂತೆ ಮಾಡಬಹುದಾಗಿದ್ದ ಕಾಗದದ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ.

ಅದು ಆದಿತ್ಯವಾರ. ಹುಲಿಗೆವ್ವ, ಮಹಾಲಕ್ಷ್ಮಿ, ನಾನು ತೆಂಗಿನ ಬುಡದಲ್ಲಿ ಕೂತಿದ್ದೆವು. ಮೊದಲ ಪಂದ್ಯದಲ್ಲೇ ಮೂರು ಚೆಂಡು ನೀರಿಗೆ ಹೋದವು. ಮೂರನೆಯದು ದೋಣಿಯನ್ನೂ ದಾಟಿ ಬಿತ್ತು. ಮೈಕಿನವನು ಗಂಟಲು ಹರಿಯುವ ಹಾಗೆ ಕೂಗಿದ: “ರೋನಿ! ಕೆಮ್ಮಣ್ಣಿನ ಮಣ್ಣಿನ ಮಗ ರೋನಿ!”

“ಅಂಕಲ್, ಅಪ್ಪನಿಗೆ ಯಾಕೆ ರೋನಿ ಅಂತ ಹೇಳುವುದು?” ಎಂದಳು ಮಹಾಲಕ್ಷ್ಮಿ. ಅವಳು ಹುಟ್ಟಿದ್ದು ಉಡುಪಿಯಲ್ಲಿ, ಮಾತೂ ಇಲ್ಲಿಯದೇ.

ಹುಲಿಗೆವ್ವ ಹೇಳಿದಳು: “ಸುಮ್ಕಿರವಾ. ಅದು ಆಟದಾಗಿನ ಹೆಸರು.”

“ಮತ್ತೆ ಉಳಿದವರಿಗೆ ಯಾಕೆ ಇಲ್ಲ?”

ಪಂದ್ಯ ಮುಗಿಸಿ ನೀರು ಕುಡಿಯಲು ಬಂದ ಅಪ್ಪನನ್ನೂ ಅವಳು ಅದನ್ನೇ ಕೇಳಿದಳು. ಅವನು ಅವಳ ತಲೆಯ ಮೇಲೆ ಟೊಪ್ಪಿ ಇಟ್ಟು, ಮತ್ತೆ ಟೊಪ್ಪಿ ತೆಗೆದುಕೊಂಡು ಹೋದ.

ಫೈನಲ್ಲಿನ ಕೊನೆಯ ಓವರಿಗೆ ಹದಿನಾಲ್ಕು ಬೇಕಿತ್ತು. ಮೊದಲನೆಯ ಚೆಂಡೇ ನೇರ ಹೊಳೆಗೆ. ಎಂಟು. ಉಳಿದದ್ದು ಆರು, ಚೆಂಡು ಐದು. ಆಗ ಎದುರು ತಂಡದ ನಾಯಕ ಆಟ ನಿಲ್ಲಿಸಿದ. ಇವನು ರೋನಿ ಅಲ್ಲ, ರೋನಿ ಕುವೈತಿನಲ್ಲಿದ್ದಾನೆ ಎಂದ. ಹನುಮೇಶನನ್ನು ಗುರುತಿಸದ ಆಟಗಾರ ಆ ಮೈದಾನದಲ್ಲಿ ಇರಲಿಲ್ಲ. ಬೆಳಗಿನಿಂದ ಯಾರೂ ಬಾಯಿ ಬಿಟ್ಟಿರಲಿಲ್ಲ, ಯಾಕೆಂದರೆ ಇಂಥ ಕಾರ್ಡು ಅವರವರ ತಂಡದಲ್ಲೂ ಒಂದೆರಡು ಇದ್ದವು. ಸೋಲು ಕಣ್ಣೆದುರು ಬಂದಾಗ ರೂಲು ನೆನಪಾಯಿತು.

ಅಂಪೈರು ಕಾರ್ಡು ತರಿಸಿದ. ಮೌರಿಸ್, “ನನ್ನ ಸ್ವಂತ ತಮ್ಮ, ನಂಗೆ ಗೊತ್ತಿಲ್ವಾ?” ಎಂದು ಎದೆ ಬಡಿದುಕೊಂಡ. ಮೈಕಿನವನು ಮೈಕನ್ನು ಹಿಡಿದುಕೊಂಡೇ ಮೈದಾನದೊಳಗೆ ಓಡಿದ್ದ. ಅದರಿಂದಾಗಿ ಮುಂದಿನದೆಲ್ಲ ದಡಕ್ಕೂ ಕೇಳಿತು.

“ನೀವೇ ಹೇಳಿ” ಎಂದ ಅಂಪೈರು. “ನಿಮ್ಮ ಹೆಸರು ಎಂತ?”

ಹನುಮೇಶ ಮೌರಿಸನನ್ನು ನೋಡಿದ. ಮೌರಿಸ್ ತಲೆಯಾಡಿಸಿದ, ಹೇಳು ಎನ್ನುವ ಹಾಗೆ. ಆಮೇಲೆ ಅವನು ನಾವು ಕೂತ ಕಡೆ ನೋಡಿದ.

“ಹನುಮೇಶ.”

“ಊರು?”

“ಇಲ್ಲೇ ಇರತೀನ್ರಿ. ಹದಿನಾರು ವರ್ಷ ಆತು.”

“ಕಾರ್ಡಿನಲ್ಲಿ ಎಂತ ಉಂಟು?”

ಅವನು ಬ್ಯಾಟನ್ನು ಪಿಚ್ಚಿನ ಮೇಲೆ ಮಲಗಿಸಿ ಹೊರಗೆ ಬಂದ. ಕಪ್ಪು ಎದುರಿನವರಿಗೆ ಹೋಯಿತು, ನಮ್ಮ ತಂಡಕ್ಕೆ ಎರಡು ವರ್ಷ ನಿಷೇಧ.

ಪೆಂಡಾಲಿನ ಹಿಂದೆ ಮೌರಿಸ್ ಅವನ ಅಂಗಿ ಹಿಡಿದ. “ರೋನಿ. ಎರಡಕ್ಷರ. ಅಷ್ಟು ಹೇಳ್ಲಿಕ್ಕೆ ಆಗ್ಲಿಲ್ವಾ ನಿಂಗೆ?”

“ಮಗಳು ಕೇಳಾಕತ್ತಿದ್ಲು” ಎಂದ ಹನುಮೇಶ.

“ಮಗಳಂತೆ! ಎಲ್ಲಿಂದಲೋ ಬಂದವನನ್ನು ನಮ್ಮವನು ಅಂತ ಮಾಡಿದ್ದಕ್ಕೆ ಊರಿನ ಮರ್ಯಾದೆ ತೆಗೆದೆಯಲ್ಲ.”

ಕಾರ್ಡು ಅವರದು, ಸುಳ್ಳು ಅವರದು. ಮರ್ಯಾದೆ ತೆಗೆದವನು ಮಾತ್ರ ಇವನು. ವಾಟ್ಸಾಪ್ ಗುಂಪಿನಿಂದ ಅಂದೇ ತೆಗೆದರು. ಅರ್ಧ ಸಾರಣೆಯಾಗಿದ್ದ ಮೌರಿಸನ ಚಿಕ್ಕಪ್ಪನ ಮನೆಯ ಕೆಲಸವನ್ನು ಮರುವಾರ ಬೇರೆಯವನಿಗೆ ಕೊಟ್ಟರು. ಘಟ್ಟದವನನ್ನು ನಂಬಿದ್ದಕ್ಕೆ ಹೀಗಾಯಿತು ಎಂದು ಅಂಗಡಿಯಲ್ಲಿ ನನ್ನೆದುರೇ ಹೇಳಿದವರಿದ್ದಾರೆ. ಅವರಲ್ಲಿ ಮೂವರ ಮುಖ ಆ ಫ್ಲೆಕ್ಸಿನಲ್ಲಿದೆ.

ಮಾರ್ಚಿನಲ್ಲಿ ನಾನು ಅಣ್ಣನಿಗೆ ಹೇಳದೆ ಕಾಗದ ಬರೆದು ಸಹಿ ಹಾಕಿ ಹಟ್ಟಿಗೆ ಕೊಂಡುಹೋದೆ. ಹನುಮೇಶ ಕರಣೆ ತೊಳೆಯುತ್ತಿದ್ದ. ಕೈ ಒರೆಸಿಕೊಂಡು ಕಾಗದವನ್ನು ಎರಡು ಸಲ ಓದಿದ.

“ಅಕ್ಷರ ಭಾಳ ಚಂದ ಅದಾವ್ರಿ ಸರ” ಎಂದು ವಾಪಸು ಚಾಚಿದ.

“ಇಟ್ಕೋ ಹನುಮೇಶ, ನಿಂಗೇ ಬರೆದದ್ದು.”

“ಬ್ಯಾಡ್ರಿ. ನಾಕು ವರ್ಷದ ಹಿಂದ ಕೊಟ್ಟಿದ್ರ ಆಡತಿದ್ದೆ.”

ಅವನು ನನ್ನ ಮೇಲೆ ಹೊರಿಸಿದ ದೂರು ಅಷ್ಟೇ. ಅದಾದ ಮೇಲೂ ಪೇಪರಿಗೆ ಬರುತ್ತಿದ್ದ. ಆಟದ ಪುಟ ಬಿಟ್ಟು ಉಳಿದದ್ದನ್ನು ಓದುತ್ತಿದ್ದ. ಮೈದಾನದ ಕಡೆ ಮತ್ತೆ ಹೋಗಲಿಲ್ಲ.

ಮಳೆ ಹಿಡಿದ ಮೇಲೆ ಸಾರಣೆ ಕೆಲಸ ಸಿಗಲಿಲ್ಲ. ಉದ್ಯಾವರದಲ್ಲಿ ಒಂದು ಮನೆಯ ಪಾಯದ ಕೆಲಸಕ್ಕೆ ಹೋದ. ನೀರು ನಿಂತ ಗುಂಡಿ, ಕಾಲಿನಲ್ಲಿ ಒಡಕು. ಜ್ವರ ಬಂದಾಗ ಅಂಗಡಿಯ ಗುಳಿಗೆ ತಿಂದು ನಾಲ್ಕು ದಿನ ಕೆಲಸ ಮಾಡಿದ. ಐದನೆಯ ದಿನ ಕಣ್ಣು ಅರಿಶಿನದ ಹಾಗಿತ್ತು. ಹುಲಿಗೆವ್ವ ನನ್ನನ್ನು ಕರೆದಳು. ರಿಕ್ಷಾದಲ್ಲಿ ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ಮೂತ್ರಪಿಂಡ ಆಗಲೇ ನಿಂತಿತ್ತು. ಒಳಗಿನ ವಾರ್ಡಿಗೆ ಸಾಗಿಸುವವರೆಗೆ, ಸುಮಾರು ಒಂದು ಗಂಟೆ, ಅವನಿಗೆ ಪ್ರಜ್ಞೆ ಇತ್ತು. ಆಮೇಲೆ ಮರಳಲಿಲ್ಲ.

ಆ ಹೊತ್ತಿನಲ್ಲೇ ಒಬ್ಬ ನರ್ಸ್ ಫಾರಂ ಹಿಡಿದು ಬಂದಳು. ಹೆಸರು, ವಯಸ್ಸು ನಾನು ಹೇಳಿದೆ.

“ಅಡ್ರೆಸ್?”

“ಕೆಮ್ಮಣ್ಣು” ಎಂದೆ. “ನಮ್ಮ ಮನೆಯದೇ ಬರೆಯಿರಿ.” ಮನೆಯ ನಂಬರನ್ನೂ ಹೇಳಿದೆ. ಅವಳು ಬರೆದುಕೊಂಡಳು.

ಹನುಮೇಶ ಡ್ರಿಪ್ ಹಾಕಿದ ಕೈಯನ್ನು ಎತ್ತಿ ಆಕ್ಸಿಜನ್ನಿನ ಮಾಸ್ಕನ್ನು ಗದ್ದಕ್ಕೆ ಎಳೆದ.

“ಅದನ್ನ ಹೊಡದ್ ಹಾಕ್ರಿ ಸಿಸ್ಟರ್” ಎಂದ. “ನಾ ಹೇಳತೀನಿ, ಬರಕೊಳ್ರಿ. ಹನುಮೇಶ, ತಂದಿ ಯಮನಪ್ಪ. ಮುಕ್ಕಾಂ ಹುಣಸಿಕಟ್ಟಿ. ತಾಲೂಕು ಕುಷ್ಟಗಿ. ಜಿಲ್ಲಾ ಕೊಪ್ಪಳ.”

“ಇಲ್ಲಿಯದ್ದು ಯಾವುದೂ ಇಲ್ವಾ?”

“ಇಲ್ಲೀದು ಇಲ್ರಿ.”

ನರ್ಸ್ ನನ್ನ ಮುಖ ನೋಡಿದಳು. ಅವಳು ಮೊದಲು ಬರೆದ ಸಾಲಿಗೆ ಗೀಟು ಹಾಕಿ ಕೆಳಗೆ ಹೊಸದಾಗಿ ಬರೆದಳು. ಬರೆದು ಮುಗಿಯುವ ತನಕ ಅವನು ಪೆನ್ನನ್ನೇ ನೋಡುತ್ತಿದ್ದ. ಆಮೇಲೆ ಮಾಸ್ಕನ್ನು ತಾನೇ ಮೂಗಿನ ಮೇಲೆ ಎಳೆದುಕೊಂಡ.