ಹೊಳೆಯ ನಡುವಿನ ಹಸಿರು ಚೌಕ

ಆಕಾಶದಿಂದ ತೆಗೆದ ಚಿತ್ರಗಳನ್ನು ನೋಡಿ ನೋಡಿ ನನ್ನ ಕಣ್ಣು ಸೋತದ್ದು ಚಿಕ್ಕೋಡಿಯ ಒಂದು ಬಾಡಿಗೆ ಕೋಣೆಯ ಕಚೇರಿಯಲ್ಲಿ, ಎರಡು ಸಾವಿರದ ಹತ್ತರ ಆಚೀಚೆಯ ವರ್ಷಗಳಲ್ಲಿ. ಕೃಷ್ಣೆಗೆ ನೆರೆ ಬಂದಾಗ ನೀರು ಹರಡುವ ದಂಡೆಯುದ್ದಕ್ಕೂ ಎಲ್ಲಿ ಕಬ್ಬು, ಎಲ್ಲಿ ಜೊಂಡು, ಎಲ್ಲಿ ಜಾಲಿ, ಎಲ್ಲಿ ಬರೀ ಮರಳು ಎಂದು ಕಂಪ್ಯೂಟರಿನಲ್ಲಿ ಗೆರೆ ಎಳೆದು ಬಣ್ಣ ತುಂಬುವುದು ನನ್ನ ಕೆಲಸ. ಬೆಳೆಗೆ ಹಸಿರು, ಮರಳಿಗೆ ಹಳದಿ, ನೀರಿಗೆ ನೀಲಿ. ಕೇಳಲು ಚೆಂದ. ಉಗಾರದಿಂದ ಕುಡಚಿಯವರೆಗೆ ಕಬ್ಬಿನ ಪಕ್ಕ ಕಬ್ಬು ತುಂಬುತ್ತ ಕೂತರೆ ಸಂಜೆಗೆ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ಮನೆಗೆ ಹೋದ ಮೇಲೆ ತಟ್ಟೆಯಲ್ಲಿ ಮೆಂತ್ಯೆ ಪಲ್ಯ ಕಂಡರೂ ಸಿಟ್ಟು ಬರುತ್ತಿತ್ತು.

ಗೆರೆ ಸರಿಯೋ ತಪ್ಪೋ ಎಂದು ಜಾಗಕ್ಕೆ ಹೋಗಿ ನೋಡುವುದೂ ಇತ್ತು. ಒಂದು ಬೇಸಿಗೆ, ಕುಡಚಿಯಲ್ಲಿ ಬಸ್ಸಿಳಿದು ರಣಬಿಸಿಲಲ್ಲಿ ಹೊಳೆಗೆ ನಡೆದೆ. ನಾನು ಹಳದಿ ತುಂಬಿದ್ದ ತಿರುವಿನಲ್ಲಿ ಕಲ್ಲಂಗಡಿ ಬಳ್ಳಿ ಹಬ್ಬಿ ಕೂತಿತ್ತು. ನೀರು ಇಳಿದ ಮೇಲೆ ಮರಳಿನಲ್ಲಿ ಕುಣಿ ತೋಡಿ, ಗೊಬ್ಬರ ಹಾಕಿ, ಬೀಜ ಊರಿ, ಎಳೆ ಸಸಿ ಸುಡದಂತೆ ಕಬ್ಬಿನ ಒಣ ಎಲೆ, ಅಂದರೆ ರವದಿ, ಮುಚ್ಚುವುದು ಅಲ್ಲಿಯವರ ಪದ್ಧತಿ. ಚಿತ್ರ ತೆಗೆದಾಗ ಸಸಿಗಳೆಲ್ಲ ರವದಿಯ ಕೆಳಗಿದ್ದವು. ಮೇಲಿನಿಂದ ರವದಿಗೂ ಮರಳಿಗೂ ಒಂದೇ ಬಣ್ಣ.

ಬಳ್ಳಿಗಳ ನಡುವೆ ಒಬ್ಬ ಮುದುಕಿ ಕೂತಿದ್ದಳು. ಸ್ವಂತ ಹೊಲವಿಲ್ಲದ ಮನೆತನ. ಉಳಿದ ದಿನಗಳಲ್ಲಿ ಬೇರೆಯವರ ಕಬ್ಬಿನಲ್ಲಿ ಕೂಲಿ, ಬೇಸಿಗೆಗೆ ಈ ಮರಳು. ನಾನು ಬಂದ ಕೆಲಸ ಹೇಳಿದೆ.

“ನಿಮ್ಮ ನಕಾಶೆದಾಗ ನಾವು ಅದೀವೇನ್ರಿ ಬಾಯಾರ?”

“ಇಲ್ಲ ಆಯಿ. ಬರೇ ಉಸುಕು ಅಂತ ಐತಿ.”

“ಬರೇ ಉಸುಕಂದ್ರ ನಾಳೆ ಟ್ರ್ಯಾಕ್ಟರ್ ತಂದು ತುಂಬಕೊಂಡ ಹೋಗ್ತಾರ್ರಿ. ನಮ್ಮನ್ನೂ ಬರೀರಿ.”

ಅವಳ ಹೆದರಿಕೆ ಸುಳ್ಳಲ್ಲ. ದಂಡೆಗುಂಟ ಮರಳು ತೆಗೆದ ಗುಂಡಿಗಳನ್ನು ನಾನೇ ದಾಟಿ ಬಂದಿದ್ದೆ.

ನಮ್ಮ ಮೇಲಧಿಕಾರಿ ಕೇಳಲೊಲ್ಲರು. “ಚಿತ್ರದಾಗ ಏನ್ ಕಾಣತೈತಿ, ಅಷ್ಟ ಬರೀರಿ” ಎಂದರು. ಕೆಟ್ಟವರಲ್ಲ, ಅವರೂ ನನ್ನಷ್ಟೇ ದಣಿದಿದ್ದರು. ನಾನು ಅಲ್ಲಿ ತೆಗೆದ ಫೋಟೋ ಹಿಡಿದು ಅವರ ಮೇಜಿಗೆ ಎಡತಾಕಿದೆ. ಕಡೆಗೆ, “ಆತು, ಮಾಡ್ಕೋರಿ. ನನ್ನ ತಲಿ ತಿನಬ್ಯಾಡ್ರಿ” ಎಂದರು. ಹಳದಿ ಅಳಿಸಿ, ಬೇಸಿಗೆ ಬೆಳೆ ಎಂದು ಬರೆದು, ಒಂದು ಸಣ್ಣ ಹಸಿರು ಚೌಕ ತುಂಬಿದೆ. ಸುಳ್ಳೇಕೆ ಹೇಳಲಿ, ಆ ದಿನ ನನಗೆ ಬಹಳ ಖುಷಿಯಾಯಿತು. ಅಷ್ಟು ವರ್ಷಗಳ ನೌಕರಿಯಲ್ಲಿ ಅಂಥ ದಿನಗಳು ಹೆಚ್ಚಿಲ್ಲ.

ನಕಾಶೆ ಅಚ್ಚಾಗಿ ಊರೂರಿಗೆ ಪ್ರತಿ ಹೋಯಿತು. ಆ ಮಳೆಗಾಲ ಹೊಳೆ ತುಂಬಿ ಬಂದು ಈ ದಂಡೆಯನ್ನು ಕೊರೆದು, ಮರಳನ್ನೆಲ್ಲ ಆಚೆ ದಂಡೆಗೆ ಹಾಕಿತು. ಮರಳು ಎಲ್ಲಿ ಬಿತ್ತೋ ಕಲ್ಲಂಗಡಿಯವರೂ ಅಲ್ಲಿಗೆ ಹೋಗುತ್ತಾರೆ. ಅದು ಮೊದಲಿನಿಂದ ಬಂದದ್ದು, ಯಾರೂ ಯಾರನ್ನೂ ಕೇಳುವುದಿಲ್ಲ.

ಬೇಸಿಗೆಯ ಮೊದಲಿಗೆ ಬೇರೆ ಕೆಲಸಕ್ಕೆ ಕುಡಚಿಗೆ ಹೋದವಳು ಮುದುಕಿಯನ್ನು ನೋಡಲೆಂದು ಸೇತುವೆ ದಾಟಿದೆ. ಮರಳಿನಲ್ಲಿ ಕುಣಿಗಳು ಅರ್ಧಕ್ಕೇ ನಿಂತಿದ್ದವು. ರವದಿಯ ಹೊರೆಗಳು ಕಟ್ಟಿದ ಹಾಗೇ ಬಿದ್ದಿದ್ದವು, ಮುದುಕಿ ಒಂದರ ಮೇಲೆ ಕೂತಿದ್ದಳು. ಮೇಲಿನ ಕಬ್ಬಿನ ಹೊಲದ ಮಾಲೀಕ ಕೆಲಸ ನಿಲ್ಲಿಸಿದ್ದನಂತೆ. ಅವನ ಕೈಯಲ್ಲಿ ನಮ್ಮ ನಕಾಶೆಯ ಪ್ರತಿ. ಅದರಲ್ಲಿ ಈ ಜಾಗ ನೀಲಿ. ಇಲ್ಲಿ ಯಾರೂ ಬೆಳೆದದ್ದಿಲ್ಲ, ನಿಮ್ಮದು ಎಲ್ಲಿದೆಯೋ ಅಲ್ಲಿಗೆ ಹೋಗಿರಿ ಎಂದನಂತೆ.

ಮುದುಕಿ ಹೊಳೆಯ ನಡುವಿಗೆ ಕೈ ಮಾಡಿದಳು. “ನಮ್ಮ ಹೊಲ ಅಲ್ಲಿ ಐತಂತ್ರಿ ಬಾಯಾರ. ನೀವ ಬರದೀರಂತ.”

ನಾನು ಹಸಿರು ತುಂಬಿದ್ದ ಆ ಜಾಗದಲ್ಲಿ ಈಗ ಎಮ್ಮೆಗಳು ಕುತ್ತಿಗೆ ಮಟ ನೀರಿನಲ್ಲಿ ನಿಂತಿದ್ದವು. ಮಾಲೀಕನ ಮನೆಗೆ ಹೋಗಿ ಹೇಳಿ ನೋಡಿದೆ. ನಿಮ್ಮದೇ ನಕಾಶೆ ಅಲ್ಲೇನ್ರಿ ಎಂದು ಚಹಾ ಕೊಟ್ಟು ಕಳಿಸಿದ. ಮತ್ತೆ ಮರಳಿಗೆ ಇಳಿದು ಮುದುಕಿಯ ಹತ್ತಿರ ಬಂದೆ.

“ಹೊಸ ಚಿತ್ರ ಬರ್ಲಿ ಆಯಿ. ತಿದ್ದತೀನಿ.”

“ಯಾವಾಗ ಬರತೈತ್ರಿ?”

ಅವಳು ಎದ್ದು, ರವದಿಯ ಹೊರೆಯನ್ನು ತಲೆಗೇರಿಸಿಕೊಂಡಳು.

“ಬಂದರೂ ಬ್ಯಾಡ್ರಿ” ಎಂದಳು. “ಮುಂದಿನ ಸಲ ನಮ್ಮನ್ನ ಬರೀಬ್ಯಾಡ್ರಿ.”